ಹೆಗಲ ಮೇಲೆ 2 ನಕ್ಷತ್ರ, ಎದುರಿಗೆ 30 ಜನ: ಹೊಸ ಲೆಫ್ಟಿನೆಂಟ್‌ಗೆ ಮೊದಲ ಆರು ತಿಂಗಳ ಮಾರ್ಗದರ್ಶಿ

ಮೊನ್ನೆ ಸ್ನೇಹಿತನ ಮಗ ಫೋನ್ ಮಾಡಿದ್ದ. ಚೆನ್ನೈನ ಓಟಿಎ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ಮುಗಿಸಿ, ಹೆಗಲಿಗೆ 2 ನಕ್ಷತ್ರ ಏರಿಸಿಕೊಂಡು ರಜೆಗೆ ಊರಿಗೆ ಬಂದಿದ್ದಾನೆ. ಹಾರ, ಶಾಲು, ಓದಿದ ಶಾಲೆಯಲ್ಲಿ ಭಾಷಣ ಎಲ್ಲ ಮುಗಿದಿದೆ. ಇನ್ನು 2 ವಾರಕ್ಕೆ ಪಲ್ಟನ್ (ಬೆಟಾಲಿಯನ್) ಸೇರಬೇಕು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಆಮೇಲೆ ದನಿ ತಗ್ಗಿಸಿ ಕೇಳಿದ: "ಅಂಕಲ್, ಅಪ್ಪಂಗೆ ಹೇಳ್ಬೇಡಿ. ನಂಗೆ ಭಯ ಆಗ್ತಿದೆ. ಗುಂಡಿನ ಭಯ ಅಲ್ಲ. ಆ ಮೂವತ್ತು ಜನರ ಮುಂದೆ ನಿಂತು ನಾನು ಏನಂತ ಮಾತಾಡ್ಲಿ?"

ನನಗೂ ಇದೇ ಭಯ ಇತ್ತು. ಕನ್ನಡ ಮೀಡಿಯಂನಲ್ಲಿ ಓದಿದವನು, ಹಿಂದಿ ಅರ್ಧಂಬರ್ಧ, ವಯಸ್ಸು 23. ಎದುರಿಗೆ ನಿಂತಿದ್ದ ಸುಬೇದಾರ್ ಸಾಬ್‌ಗೆ ನನ್ನ ವಯಸ್ಸಿನಷ್ಟೇ ಸರ್ವಿಸ್ ಆಗಿತ್ತು. ಆ ಹುಡುಗನಿಗೆ ಫೋನಲ್ಲಿ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆಯುತ್ತಿದ್ದೇನೆ. ನಾನು ಇದ್ದದ್ದು ಇನ್‌ಫೆಂಟ್ರಿಯಲ್ಲಿ (ಕಾಲಾಳು ಪಡೆ), ಹಾಗಾಗಿ ಉದಾಹರಣೆಗಳೂ ಅಲ್ಲಿನವೇ. ಸಿಗ್ನಲ್ಸ್, ಎಎಸ್‌ಸಿ (ಸರಬರಾಜು ವಿಭಾಗ), ಆರ್ಟಿಲರಿ (ಫಿರಂಗಿ ದಳ) ಸೇರುವ ಹುಡುಗ ಹುಡುಗಿಯರು ನಿಮ್ಮ ಕೆಲಸಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಮೊದಲೇ ಒಂದು ಮಾತು. ಆತ್ಮವಿಶ್ವಾಸ ಅಂದರೆ ಎದೆ ಉಬ್ಬಿಸಿ ಜೋರಾಗಿ ಮಾತಾಡುವುದು ಅಂತ ನಾನೂ ನಂಬಿದ್ದೆ. ಅಕಾಡೆಮಿಯಲ್ಲಿ ಅದು ಸ್ವಲ್ಪ ನಡೆಯುತ್ತದೆ, ಯಾಕೆಂದರೆ ಅಲ್ಲಿ ನಿಮ್ಮನ್ನು ನೋಡುವವರು ಉಸ್ತಾದ್‌ಗಳು (ತರಬೇತುದಾರರು) ಮತ್ತು ನಿಮ್ಮಂಥವರೇ ಕ್ಯಾಡೆಟ್‌ಗಳು. ಪಲ್ಟನ್‌ನಲ್ಲಿ ಅದು 2 ದಿನ ಬಾಳುವುದಿಲ್ಲ. ಜವಾನರು ಎಷ್ಟೋ ಲೆಫ್ಟಿನೆಂಟ್‌ಗಳನ್ನು ನೋಡಿರುತ್ತಾರೆ. ನಟನೆ ಯಾವುದು, ನಿಜ ಯಾವುದು ಅಂತ ಅವರಿಗೆ ನಿಮ್ಮ ನಡಿಗೆಯಲ್ಲೇ ಗೊತ್ತಾಗುತ್ತದೆ.

ಹೋಗುವ ಮುಂಚೆ

ಶೂ ಪಾಲಿಶ್, ಮೆಸ್ ಡ್ರೆಸ್ ಇವೆಲ್ಲ ನಿಮಗೆ ಗೊತ್ತಿದೆ, ಬಿಡಿ. 3 ಕೆಲಸ ಮಾಡಿ.

ರಜೆಯಲ್ಲಿ ಓಟ ಬಿಡಬೇಡಿ. ಊರಿನ ಹೋಳಿಗೆ, ಕಜ್ಜಾಯ ತಿನ್ನಿ, ಬೇಡ ಅನ್ನಲ್ಲ. ಆದರೆ ಬೆಳಿಗ್ಗೆ 5 ಕಿಲೋಮೀಟರ್ ತಪ್ಪಿಸಬೇಡಿ. ನಮ್ಮ ಕಾಲದಲ್ಲಿ ಬಿಪಿಇಟಿ ಅಂತ ಒಂದು ದೈಹಿಕ ಪರೀಕ್ಷೆ ಇತ್ತು. ಬೆನ್ನಿಗೆ ಸಾಮಾನು, ಕೈಯಲ್ಲಿ ರೈಫಲ್ ಹಿಡಿದು 5 ಕಿಲೋಮೀಟರ್ ಓಟ, ಹಗ್ಗ ಹತ್ತುವುದು, 9 ಅಡಿ ಹಳ್ಳ ಹಾರುವುದು. ಇಂಥ ಪರೀಕ್ಷೆಯನ್ನು ನಿಮ್ಮ ಹುಡುಗರ ಜೊತೆಯಲ್ಲೇ ಓಡುತ್ತೀರಿ. ಮೊದಲು ಬರಲೇಬೇಕು ಅಂತಿಲ್ಲ. ಕಂಪನಿಯಲ್ಲಿ (ಪಲ್ಟನ್‌ನ ಒಂದು ತುಕಡಿ) ಯಾವನೋ ಗಢವಾಲಿಯೋ ಕುಮಾವೋನಿಯೋ ಜಿಂಕೆ ಥರ ಓಡುವವನು ಇದ್ದೇ ಇರುತ್ತಾನೆ, ಅವನನ್ನು ಹಿಡಿಯೋಕೆ ಹೋಗಿ ಕಾಲು ಉಳುಕಿಸಿಕೊಳ್ಳಬೇಡಿ. ಆದರೆ ಕೊನೆಯ ಹತ್ತರಲ್ಲಿ ಇದ್ದರೆ ಆಮೇಲೆ ನೀವು ಏನು ಹೇಳಿದರೂ ಯಾರ ಕಿವಿಗೂ ಹೋಗಲ್ಲ.

ಎರಡನೆಯದು ಭಾಷೆ. ನಮ್ಮ ಕಡೆಯ ಹುಡುಗರಿಗೆ ಅರ್ಧ ಅಂಜಿಕೆ ಬರುವುದೇ ಇಲ್ಲಿಂದ. ವ್ಯಾಕರಣದ ಚಿಂತೆ ಬಿಡಿ. 'ಮೇರಾ', 'ಮೇರೀ' ಅದಲುಬದಲಾದರೆ ಹುಡುಗರು ಹಿಂದೆ ನಗುತ್ತಾರೆ, ಅಷ್ಟೇ. ಕೆಲಸದ ಮಾತು ಮಾತ್ರ ಗಟ್ಟಿಯಿರಲಿ. ಗಸ್ತು ಅನ್ನೋದು ಅಲ್ಲಿ ಗಶ್ತ್. ಮೋರ್ಚಾ (ಕಂದಕ), ಆಡ್ (ಮರೆ), ಫಾಸ್ಲಾ (ದೂರ), ನಿಶಾನ್ (ಗುರುತು), ಮಕ್ಸದ್ (ಉದ್ದೇಶ), ಇಂಥ ನೂರು ಪದ ಬಾಯಲ್ಲಿ ಓಡಾಡಿದರೆ ಸಾಕು. ಮದ್ರಾಸ್ ರೆಜಿಮೆಂಟ್‌ಗೋ ಬೆಂಗಳೂರಿನ ಎಂಇಜಿಗೋ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹೋದರೆ ದಕ್ಷಿಣದ ಹುಡುಗರೇ ಜಾಸ್ತಿ, ಸಂಜೆ ಕನ್ನಡ ಮಾತಾಡೋಕೆ ಯಾರಾದರೂ ಸಿಗುತ್ತಾರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲೂ ನಮ್ಮ ಉತ್ತರ ಕರ್ನಾಟಕದವರು ಇದ್ದಾರೆ. ಗೂರ್ಖಾ ಪಲ್ಟನ್ ಸಿಕ್ಕಿದರೆ ಗೊರ್ಖಾಲಿ ಕಲಿಯಿರಿ. ಅವರ ಭಾಷೆಯಲ್ಲಿ ನೀವು ತಪ್ಪುತಪ್ಪಾಗಿ ಆಡುವ 2 ಮಾತು ನಿಮ್ಮ ಚೆಂದದ ಇಂಗ್ಲಿಷ್‌ಗಿಂತ ದೂರ ಹೋಗುತ್ತದೆ.

ಮೂರನೆಯದು, ಜೇಬಿಗೆ ಹಿಡಿಸುವ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಮತ್ತು ಸೀಸದ ಕಡ್ಡಿ. ಪೆನ್ ಬೇಡ. ಮಳೆಯಲ್ಲಿ ಶಾಯಿ ಹರಡುತ್ತದೆ, ಬೆಟ್ಟದ ಮೇಲೆ ಚಳಿಗೆ ಹೆಪ್ಪುಗಟ್ಟುತ್ತದೆ.

ಮೊದಲ ವಾರ

ನಿಮ್ಮನ್ನು ಆಟ ಆಡಿಸುತ್ತಾರೆ. ಇದು ಹಳೇ ಸಂಪ್ರದಾಯ. ಸ್ಟೇಷನ್‌ನಿಂದ ಕರೆದುಕೊಂಡು ಹೋಗಲು ಬಂದ ಡ್ರೈವರ್ ನಿಜಕ್ಕೂ ಕ್ಯಾಪ್ಟನ್ ಆಗಿರಬಹುದು. ಸಿಒ (ಪಲ್ಟನ್‌ನ ಮುಖ್ಯಸ್ಥ) ಅಂತ ಕೂತು ಬೈದವರು ಡಾಕ್ಟರ್ ಆಗಿರಬಹುದು. ಸಿಟ್ಟು ಮಾಡಿಕೊಳ್ಳಬೇಡಿ, ಜಾಣತನವನ್ನೂ ತೋರಿಸಬೇಡಿ. ನನಗೆ ಮೆಸ್‌ನ (ಅಧಿಕಾರಿಗಳ ಊಟದ ಮನೆ) ಬಾತುಕೋಳಿಗಳ ಲೆಕ್ಕ ಕೊಡು ಅಂದಿದ್ದರು. ಎಣಿಸಿ ಬರೆದು ಕೊಟ್ಟೆ, 14. ಇವತ್ತಿಗೂ ಹಳೇ ಪಲ್ಟನ್‌ನವರು ಸಿಕ್ಕರೆ 'ಬಾತುಕೋಳಿ ಎಷ್ಟು' ಅಂತಾರೆ. ನಗಿಸಿಕೊಳ್ಳುವ ಶಕ್ತಿ ಇದೆಯಾ ಇಲ್ಲವಾ ಅಂತ ನೋಡುತ್ತಾರೆ, ಅಷ್ಟೇ.

ಅದಾದ ಮೇಲೆ ಬಹಳ ಪಲ್ಟನ್‌ಗಳಲ್ಲಿ ಕೆಲವು ವಾರ ಜವಾನರ ಬ್ಯಾರಕ್‌ನಲ್ಲೇ ಮಲಗಲು ಕಳಿಸುತ್ತಾರೆ. ಅಲ್ಲೇ ಮಂಚ, ಲಂಗರ್‌ನಲ್ಲೇ (ಜವಾನರ ಅಡುಗೆಮನೆ) ಊಟ, ಅವರ ಜೊತೆ ಸೆಂಟ್ರಿ ಡ್ಯೂಟಿ. ಇದನ್ನು ಶಿಕ್ಷೆ ಅಂತ ದಿನ ಎಣಿಸುವವರು ಇದ್ದಾರೆ. ಪಾಪ, ಏನು ಕಳೆದುಕೊಂಡರು ಅಂತ ಅವರಿಗೆ ಗೊತ್ತಿಲ್ಲ. ರಾತ್ರಿ ಲೈಟ್ ಆರಿದ ಮೇಲೆ ಬ್ಯಾರಕ್‌ನಲ್ಲಿ ನಡೆಯುವ ಮಾತು ನಿಮಗೆ ಇನ್ನೆಂದೂ ಕೇಳಿಸುವುದಿಲ್ಲ. ಯಾರ ಮನೆಯಲ್ಲಿ ಸಾಲ, ಯಾರಿಗೆ ಮದುವೆ ಗೊತ್ತಾಗಿದೆ, ಯಾವ ಹವಾಲ್ದಾರ್ ಕಂಡರೆ ಹುಡುಗರಿಗೆ ಗೌರವ, ಯಾರನ್ನು ಕಂಡರೆ ಬರೀ ಹೆದರಿಕೆ, ಎಲ್ಲ ಅಲ್ಲಿ ಸಿಗುತ್ತದೆ. ಕೇಳಿ. ಆದರೆ ಕೇಳಿದ್ದನ್ನು ಮೆಸ್‌ನಲ್ಲಿ ಹೇಳಿದಿರೋ, ಮುಗೀತು.

ನೋಟ್‌ಬುಕ್ ಕೆಲಸ

ಪ್ಲಟೂನ್ ಅಂದರೆ 3 ಸೆಕ್ಷನ್. ಒಂದೊಂದರಲ್ಲಿ 10 ಜನ, ಮೇಲೆ ಪ್ಲಟೂನ್ ಹೆಡ್‌ಕ್ವಾರ್ಟರ್‌ನವರು. ಒಬ್ಬೊಬ್ಬರಿಗೆ ಒಂದು ಪುಟ. ಹೆಸರು, ಹಳ್ಳಿ, ಜಿಲ್ಲೆ, ಮನೆಯಲ್ಲಿ ಯಾರಿದ್ದಾರೆ, ಕೊನೆಯ ರಜೆ ಯಾವಾಗ, ಯಾವ ಆಯುಧದಲ್ಲಿ ಕೈ ಚೆನ್ನಾಗಿದೆ, ಏನು ಆಡುತ್ತಾನೆ. ಫಾರಂ ತುಂಬಿಸುವ ಹಾಗೆ ಕೂರಿಸಿಕೊಂಡು ಕೇಳಬೇಡಿ. ವಾಲಿಬಾಲ್ ಆಡುವಾಗ, ರೈಫಲ್ ತಿಕ್ಕುವಾಗ, ಗಾಡಿಯಲ್ಲಿ ಹೋಗುವಾಗ ಒಂದೊಂದೇ ತಿಳಿಯುತ್ತದೆ. ರಾತ್ರಿ ರೂಮಿಗೆ ಬಂದು ಬರೆಯಿರಿ. 10 ದಿನದಲ್ಲಿ ಎಲ್ಲರ ಹೆಸರು ಬರಬೇಕು, ಒಂದು ತಿಂಗಳಲ್ಲಿ ಕತ್ತಲಲ್ಲಿ ದನಿ ಕೇಳಿ ಇಂಥವನೇ ಅಂತ ಹೇಳುವಂತಾಗಬೇಕು. ಇದು ಸುಮ್ನೆ ಅಂದ ಮಾತಲ್ಲ, ರಾತ್ರಿ ಗಶ್ತ್‌ನಲ್ಲಿ ಮುಖ ಕಾಣಲ್ಲ.

ಈಗ ನಿಮ್ಮ ಪ್ಲಟೂನ್‌ನ ಸಣ್ಣ ಹುಡುಗರು ಅಗ್ನಿವೀರರು. 2022ರಲ್ಲಿ ಬಂದ ಯೋಜನೆ. 4 ವರ್ಷದ ಸೇವೆ, ಅದಾದ ಮೇಲೆ 25 ಶೇಕಡಾವರೆಗೆ ಜನ ಮಾತ್ರ ಮುಂದುವರಿಯುತ್ತಾರೆ. ನಮ್ಮ ಕಾಲದಲ್ಲಿ ಈ ಲೆಕ್ಕ ಇರಲಿಲ್ಲ. 'ನಾಲ್ವರಲ್ಲಿ ಆ ಒಬ್ಬ ನಾನಾ' ಅನ್ನುವ ಪ್ರಶ್ನೆ ಅವನ ತಲೆಯಲ್ಲಿ ಸದಾ ಇರುತ್ತದೆ, ಪಕ್ಕದ ಮಂಚದವನು ಗೆಳೆಯನೂ ಹೌದು, ಪ್ರತಿಸ್ಪರ್ಧಿಯೂ ಹೌದು. ನೀವು ಭರವಸೆ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಯಾವುದರಲ್ಲಿ ಹಿಂದಿದ್ದಾನೆ ಅಂತ ಅವನಿಗೆ ನೇರವಾಗಿ ಹೇಳಿ, ಅದನ್ನು ಸರಿಮಾಡಿಕೊಳ್ಳಲು ಒಬ್ಬ ಹಳೇ ನಾಯಕ್‌ನನ್ನು ಜೊತೆಗೆ ಹಾಕಿ.

ಸುಬೇದಾರ್ ಸಾಬ್

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಎಲ್ಲ ಇರುವುದೇ ಇಲ್ಲಿ.

ನಮ್ಮ ಸೈನ್ಯದಲ್ಲಿ ಹೆಚ್ಚಿನ ಪ್ಲಟೂನ್‌ಗಳನ್ನು ನಡೆಸುವವರು ಜೆಸಿಒಗಳೇ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್‌ಗಳು. ಜವಾನರಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಪದವಿಯಲ್ಲಿ ನೀವು ಮೇಲೆ, ಅನುಭವದಲ್ಲಿ ಅವರು. ಅದಕ್ಕೇ ಅವರು ನಿಮಗೆ 'ಸಾಬ್' ಅಂತಾರೆ, ನೀವೂ ಅವರಿಗೆ 'ಸಾಬ್' ಅನ್ನಬೇಕು. ಈ ಎರಡು ಕಡೆಯ 'ಸಾಬ್' ಎಷ್ಟು ಜಾಣತನದ ಏರ್ಪಾಡು ಅಂತ ನನಗೆ ಅರ್ಥವಾಗಲು ಒಂದು ರಾತ್ರಿ ಬೇಕಾಯಿತು.

ಪಲ್ಟನ್ ಸೇರಿ ಆರನೇ ವಾರ. ರಾತ್ರಿ ನ್ಯಾವಿಗೇಷನ್. ಮ್ಯಾಪು, ಕಂಪಾಸ್ ನನ್ನ ಕೈಯಲ್ಲಿ. ಅಕಾಡೆಮಿಯಲ್ಲಿ ಮ್ಯಾಪ್ ರೀಡಿಂಗ್‌ನಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು, ಆ ಧಿಮಾಕು ಬೇರೆ. ಬೆಟ್ಟ ಒಂದು ಕಡೆ 2 ಕವಲಾಗಿ ಇಳಿಯುತ್ತಿತ್ತು. ನಾನು ಎಡಗಡೆಯದು ಹಿಡಿದೆ. 2 ಗಂಟೆ ನಡೆದ ಮೇಲೆ, ಇರಬಾರದ ಜಾಗದಲ್ಲಿ ಒಂದು ಹಳ್ಳ ಎದುರಾಯಿತು, ಕುತ್ತಿಗೆವರೆಗೆ ಬೆವರು, ಹಿಂದೆ 31 ಜನ ಮೂಟೆ ಹೊತ್ತು ನಿಂತಿದ್ದಾರೆ, ಯಾರೂ ಮಾತಾಡುತ್ತಿಲ್ಲ. ಸುಬೇದಾರ್ ಸಾಬ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, ದಾರಿ ತಪ್ಪಿದ್ದು ನಿಮಗೆ ಗೊತ್ತಿತ್ತಾ? ಗೊತ್ತಿತ್ತು ಸಾಬ್ ಅಂದರು. ಮತ್ತೆ ಯಾಕೆ ಹೇಳಲಿಲ್ಲ?

"ಆಪ್‌ನೇ ಪೂಛಾ ನಹೀಂ, ಸಾಬ್."

ನೀವು ಕೇಳಲಿಲ್ಲ. ಅಷ್ಟೇ. ಅದರಲ್ಲಿ ಕೊಂಕೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಹೊರಡುವ ಮುಂಚೆ ನಾನು ಅವರ ಮುಂದೆ ಮ್ಯಾಪ್ ಬಿಚ್ಚಿ 'ಸಾಬ್, ನಾನು ಹೀಗೆ ಹೋಗಬೇಕು ಅಂದ್ಕೊಂಡಿದ್ದೀನಿ, ಏನಂತೀರಿ' ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಚಿಕ್ಕವನಾಗುತ್ತೇನೆ ಅಂತ ಸುಮ್ಮನಿದ್ದೆ. ಆ ರಾತ್ರಿ 31 ಜನರ ಮುಂದೆ ನಿಂತು 'ಗಲ್ತಿ ಮೇರೀ ಹೈ, ವಾಪಸ್ ಚಲೇಂಗೆ' (ತಪ್ಪು ನನ್ನದು, ವಾಪಸ್ ಹೋಗೋಣ) ಅಂದೆ. ಬೆಳಗಿನ ಜಾವ ಕ್ಯಾಂಪ್ ಮುಟ್ಟಿದೆವು. ಮಾರನೇ ಸಂಜೆ ಸುಬೇದಾರ್ ಸಾಬ್ ತಾವೇ ರೂಮಿಗೆ ಬಂದರು, ಕೈಯಲ್ಲಿ 10 ಚಿಕ್ಕ ಕಲ್ಲು. ಹೆಜ್ಜೆ ಎಣಿಸುತ್ತಾ ಹೋಗಬೇಕು, 100 ಮೀಟರ್ ಆದ ತಕ್ಷಣ ಒಂದು ಕಲ್ಲು ಎಡ ಜೇಬಿನಿಂದ ಬಲ ಜೇಬಿಗೆ. ಕಲ್ಲು ಮುಗಿದರೆ ಒಂದು ಕಿಲೋಮೀಟರ್. ಕತ್ತಲಲ್ಲಿ ನಿಮ್ಮ ಅಂದಾಜು ಸುಳ್ಳು ಹೇಳುತ್ತದೆ, ಕಲ್ಲು ಹೇಳಲ್ಲ ಅಂದರು.

ಹಾಗಾದರೆ ಎಲ್ಲ ಅವರನ್ನು ಕೇಳಿಕೊಂಡು ಅವರು ಹೇಳಿದ ಹಾಗೆ ಮಾಡುವುದಾ? ಅಲ್ಲ. ಇದರಲ್ಲಿ ಎಡವುವವರು 2 ಥರ. ಒಬ್ಬ ಕೇಳುವುದೇ ಇಲ್ಲ. ಇನ್ನೊಬ್ಬ ಎಲ್ಲಕ್ಕೂ 'ಸಾಬ್ ನೀವೇ ನೋಡಿಕೊಳ್ಳಿ' ಅಂತ ಕೈ ತೊಳೆದುಕೊಳ್ಳುತ್ತಾನೆ. ಸರಿಯಾದ ಕ್ರಮ ಇದು: ಮೊದಲು ನೀವೊಂದು ಯೋಚನೆ ಮಾಡಿ ಹೋಗಿ. ಒಬ್ಬರೇ ಇದ್ದಾಗ ಅವರ ಮುಂದಿಡಿ. ಪೂರ್ತಿ ಕೇಳಿ. ಆಮೇಲೆ ತೀರ್ಮಾನ ನಿಮ್ಮದು, ಪ್ಲಟೂನ್ ಮುಂದೆ ಅದನ್ನು ಹೇಳುವುದೂ ನೀವೇ. ಕೆಲವು ಸಲ ಅವರು ಹೇಳಿದ್ದಕ್ಕೆ ವಿರುದ್ಧ ಹೋಗಬೇಕಾಗುತ್ತದೆ. ಕಾರಣ ಹೇಳಿ ಹೋಗಿ, ಅವರು ಬೇಜಾರು ಮಾಡಿಕೊಳ್ಳಲ್ಲ. ಸರಿಯಾದರೆ 'ಸುಬೇದಾರ್ ಸಾಬ್ ಸಲಹೆ' ಅನ್ನಿ, ತಪ್ಪಾದರೆ ನಿಮ್ಮ ಹೆಸರು ಹಾಕಿಕೊಳ್ಳಿ. ಅನ್ಯಾಯ ಅನ್ನಿಸುತ್ತದೆ ಅಲ್ವಾ? ಆ 2 ನಕ್ಷತ್ರದ ಜೊತೆ ಬಂದ ಅನ್ಯಾಯ ಅದು.

ಮತ್ತೆ, ಯಾವ ಹವಾಲ್ದಾರ್‌ನನ್ನೂ ಅವನ ಸೆಕ್ಷನ್ ಎದುರಿಗೆ ಬೈಯಬೇಡಿ. ನೀವು ಹೋದ ಮೇಲೂ ಅವನು ಆ ಹುಡುಗರನ್ನು ನಡೆಸಬೇಕು.

ಕೈಕೆಲಸ

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಆಗಬಾರದು. ಪ್ಲಟೂನ್‌ನಲ್ಲಿರುವ ಪ್ರತಿ ಆಯುಧವನ್ನೂ ಕಣ್ಣು ಕಟ್ಟಿಕೊಂಡು ಬಿಚ್ಚಿ ಜೋಡಿಸುವಷ್ಟು ಕಲಿಯಿರಿ. ಯಾರಿಂದ? ಅದನ್ನು ದಿನಾ ಹಿಡಿಯುವ ಜವಾನನಿಂದ. ಎಂಎಂಜಿ (ಮಷಿನ್ ಗನ್) ಹಾರಿಸುವವನ ಪಕ್ಕ ಕೂತು 'ತೋರಿಸಪ್ಪಾ' ಅನ್ನಿ. ಅವನ ಮುಖ ನೋಡಿ ಆಗ. ರೇಡಿಯೋ ಸೆಟ್, ಮೋರ್ಚಾ ತೋಡುವುದು, ಬುಖಾರಿ (ಚಳಿ ಕಾಯಿಸುವ ಒಲೆ) ಹಚ್ಚುವುದು ಎಲ್ಲ ಹೀಗೇ. ಅವರೆಲ್ಲರಿಗಿಂತ ಚೆನ್ನಾಗಿ ಮಾಡಬೇಕಿಲ್ಲ, ಅವರು ಮಾಡುವ ಯಾವ ಕೆಲಸವೂ ನಿಮಗೆ ಬರಲ್ಲ ಅನ್ನುವಂತಿರಬಾರದು. ನನ್ನ ಅನುಭವದಲ್ಲಿ ಒಳಗಿನ ಅಳುಕು ಹೋಗಿದ್ದು ಯಾವ ಭಾಷಣದಿಂದಲೂ ಅಲ್ಲ, ಹೀಗೆ ಕೈ ಕೊಳೆ ಮಾಡಿಕೊಂಡಾಗ.

ಇಲ್ಲೇ ಇನ್ನೊಂದು. ಎಣಿಸದೆ ಸಹಿ ಹಾಕಬೇಡಿ. ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ಆಯುಧ ಚೆಕ್ ಮಾಡಲು ನಿಮ್ಮನ್ನು ಕಳಿಸುತ್ತಾರೆ. 'ಸಬ್ ಠೀಕ್ ಹೈ ಸಾಬ್' ಅಂತ ರಿಜಿಸ್ಟರ್ ಮುಂದಿಡುತ್ತಾರೆ. ಒಂದು ಸಲ ಸೋಮಾರಿತನಕ್ಕೆ ಹಾಗೇ ಸಹಿ ಹಾಕಿದೆ. ಸಂಜೆಗೆ ಒಂದು ಮ್ಯಾಗಜಿನ್ ಕಮ್ಮಿ. ಇಡೀ ಕಂಪನಿ ರಾತ್ರಿಯೆಲ್ಲ ಟಾರ್ಚ್ ಹಿಡಿದು ಹುಲ್ಲಲ್ಲಿ ಹುಡುಕಿತು, ಕೊನೆಗೆ ಒಂದು ಗಾಡಿಯ ಸೀಟಿನ ಕೆಳಗೆ ಸಿಕ್ಕಿತು. ಅವತ್ತು ಕಂಪನಿ ಕಮಾಂಡರ್ ನನಗೆ ಏನಂದರು ಅಂತ ಬರೆಯಲ್ಲ.

ಆರ್ಡರ್ ಕೊಡುವುದು

ಮೊದಲು ದನಿ. ಗಂಟಲಿಂದ ಕೂಗಿದರೆ ಕೀಚಲಾಗುತ್ತದೆ, ಹೊಟ್ಟೆಯಿಂದ ಬರಬೇಕು. ಖಾಲಿ ಗ್ರೌಂಡ್‌ನಲ್ಲಿ ನಿಂತು ಡ್ರಿಲ್ ಕಮಾಂಡ್ ಹೇಳಿ ಅಭ್ಯಾಸ ಮಾಡಿ. ಸಣ್ಣ ದನಿ ಇರುವವರು, ಹುಡುಗಿಯರು ಜೋರು ಮಾಡಲು ಹೆಣಗಬೇಕಿಲ್ಲ. ನಿಧಾನ ಮಾಡಿ, ಪದ ಪದ ಬಿಡಿಸಿ ಹೇಳಿ, ಸಾಕು.

ಆಮೇಲೆ ಕ್ರಮ. ನೆಲ ಹೇಗಿದೆ, ಎದುರಾಳಿ ಮತ್ತು ನಮ್ಮವರು ಎಲ್ಲಿದ್ದಾರೆ, ಮಕ್ಸದ್ ಏನು, ಯಾರು ಏನು ಮಾಡಬೇಕು, ಊಟ ನೀರು ಮದ್ದುಗುಂಡು ಗಾಯಾಳುಗಳ ವ್ಯವಸ್ಥೆ, ಕೊನೆಗೆ ನಾನು ಎಲ್ಲಿರುತ್ತೇನೆ, ಸಿಗ್ನಲ್ ಏನು, ನನಗೇನಾದರೂ ಆದರೆ ಯಾರು. ಅಕಾಡೆಮಿಯಲ್ಲಿ ಇದನ್ನು ಬಾಯಿಪಾಠ ಮಾಡಿರುತ್ತೀರಿ. ಗಾಬರಿಯಾದಾಗ ಈ ಕ್ರಮವೇ ಕೈ ಹಿಡಿಯುತ್ತದೆ, ಹಾಗಾಗಿ ಬಿಡಬೇಡಿ. ಮಕ್ಸದ್ ಮಾತ್ರ 2 ಸಲ ಹೇಳಿ. ನೆಲದ ಮೇಲೆ ಮಣ್ಣು, ಕಲ್ಲು, ದಾರ ಇಟ್ಟು ಬೆಟ್ಟ ಹಳ್ಳ ಮಾಡಿ ತೋರಿಸಿ. ನೂರು ಮಾತಿಗಿಂತ ಅದು ಬೇಗ ತಲೆಗೆ ಹೋಗುತ್ತದೆ.

ಕೊನೆಗೆ 'ಕೋಯೀ ಶಕ್?' (ಏನಾದರೂ ಅನುಮಾನ?) ಅಂತ ಕೇಳುತ್ತೇವೆ. ಎಲ್ಲರೂ ಒಟ್ಟಿಗೆ 'ನಹೀಂ ಸಾಬ್' ಅಂತಾರೆ. ನಂಬಬೇಡಿ. ಎಲ್ಲರಿಗಿಂತ ಚಿಕ್ಕ ಹುಡುಗನನ್ನು ಎಬ್ಬಿಸಿ 'ಹೇಳು, ನೀನು ಏನು ಮಾಡ್ತೀಯಾ?' ಅಂತ ಕೇಳಿ. ಅವನಿಗೆ ಗೊತ್ತಿದ್ದರೆ ಎಲ್ಲರಿಗೂ ಗೊತ್ತು ಅಂತ ಅರ್ಥ. ತಡವರಿಸಿದರೆ ಅವನಿಗೆ ಬೈಯಬೇಡಿ, ನೀವು ಹೇಳಿದ್ದು ಸರಿಯಿಲ್ಲ.

ನಿಮಗೆ ಗೊತ್ತಿಲ್ಲದ್ದನ್ನು ಅವರು ಕೇಳಿದರೆ? 'ಗೊತ್ತಿಲ್ಲ, ನಾಳೆ ಸಂಜೆಯೊಳಗೆ ಹೇಳ್ತೀನಿ.' ಮಾರನೇ ಸಂಜೆ ಹೇಳಬೇಕು. 'ಇನ್ನೂ ಗೊತ್ತಾಗಲಿಲ್ಲ' ಅನ್ನುವುದಾದರೂ ಸರಿ, ಹೋಗಿ ಅದನ್ನೇ ಹೇಳಿ. ಇಂಥ 10 ಸಣ್ಣ ಮಾತು ಉಳಿಸಿಕೊಂಡರೆ ಹನ್ನೊಂದನೆಯ ದೊಡ್ಡ ಮಾತಿಗೆ ನಂಬಿಕೆ ಬರುತ್ತದೆ.

ಊಟ, ರಜೆ, ಮನೆಯ ಫೋನು

1932ರಲ್ಲಿ ಡೆಹ್ರಾಡೂನ್‌ನ ಐಎಂಎ (ಸೇನಾ ಅಕಾಡೆಮಿ) ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಚೆಟ್‌ವುಡ್ ಹೇಳಿದ ಮಾತು ಎಲ್ಲ ಕ್ಯಾಡೆಟ್‌ಗೂ ಬಾಯಿಪಾಠ. ದೇಶ ಮೊದಲು, ನಿನ್ನ ಕೈಕೆಳಗಿನವರ ಗೌರವ ಮತ್ತು ಸುಖ ಆಮೇಲೆ, ನಿನ್ನ ಸುಖ ಎಲ್ಲಕ್ಕೂ ಕೊನೆಗೆ. ಗೋಡೆ ಮೇಲೆ ಓದುವಾಗ ದೊಡ್ಡದಾಗಿ ಕಾಣುತ್ತದೆ. ಪ್ಲಟೂನ್‌ನಲ್ಲಿ ಅದು ತೀರಾ ಸಣ್ಣದು. ಫೀಲ್ಡ್‌ನಲ್ಲಿ ಕೊನೆಯ ಜವಾನನ ತಟ್ಟೆಗೆ ಬಿದ್ದ ಮೇಲೆ ನಿಮ್ಮ ತಟ್ಟೆ. ಮಳೆಯಲ್ಲಿ ಎಲ್ಲರ ಬಿವಾಕ್ (ಚಿಕ್ಕ ಡೇರೆ) ಕಟ್ಟಿದ ಮೇಲೆ ನಿಮ್ಮದು. ನಡಿಗೆ ಮುಗಿದ ಮೇಲೆ ಶೂ ಬಿಚ್ಚಿಸಿ ಅವರ ಪಾದ ನೋಡಿ. ಗುಳ್ಳೆ ಬಂದವನು ಹೇಳಿಕೊಳ್ಳುವುದಿಲ್ಲ.

ರಜೆ ವಿಷಯದಲ್ಲಿ ಹುಷಾರು. ಕಾಯಂ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್. ಪ್ರತಿಯೊಬ್ಬನೂ ಅದನ್ನು ಬೆರಳಲ್ಲಿ ಎಣಿಸುತ್ತಿರುತ್ತಾನೆ. ಹಬ್ಬಕ್ಕೆ, ಕೊಯ್ಲಿಗೆ, ಹೆರಿಗೆಗೆ ಯಾರು ಯಾವಾಗ ಹೋಗಬೇಕು ಅನ್ನುವ ಪಟ್ಟಿ ನಿಮ್ಮ ನೋಟ್‌ಬುಕ್‌ನಲ್ಲಿರಲಿ. ಮೆಚ್ಚಿನವನಿಗೊಂದು, ಬೇರೆಯವನಿಗೊಂದು ಮಾಡಿದಿರೋ, ಆರು ತಿಂಗಳ ದುಡಿಮೆ ಒಂದೇ ದಿನಕ್ಕೆ ನೀರುಪಾಲು. ಊರಲ್ಲಿ ಜಮೀನಿನ ತಂಟೆ ಇದ್ದರೆ ಕಂಪನಿ ಕಮಾಂಡರ್‌ಗೆ ಹೇಳಿ ಪಲ್ಟನ್ ಕಡೆಯಿಂದ ಜಿಲ್ಲಾಧಿಕಾರಿಗೆ ಪತ್ರ ಹಾಕಿಸಿ. ಅದರ ಹಿಂದೆ ಬೀಳಿ.

ಮನೆಯಿಂದ ಫೋನ್ ಬಂದ ಮೇಲೆ ಒಬ್ಬ ಮಂಕಾಗಿ, ಊಟ ಬಿಟ್ಟು, ಯಾರ ಹತ್ತಿರವೂ ಮಾತಾಡದೆ ಇದ್ದರೆ ಅದನ್ನು 'ಸರಿಹೋಗ್ತಾನೆ ಬಿಡು' ಅಂತ ಬಿಡಬೇಡಿ. ಅವತ್ತು ರಾತ್ರಿ ಅವನನ್ನು ಒಬ್ಬನೇ ಆಯುಧ ಕೊಟ್ಟು ಸೆಂಟ್ರಿಗೆ ನಿಲ್ಲಿಸಬೇಡಿ. ಅವನ ಜೊತೆಗಾರ ಜವಾನನಿಗೆ, ಸುಬೇದಾರ್ ಸಾಬ್‌ಗೆ, ಕಂಪನಿ ಕಮಾಂಡರ್‌ಗೆ ಹೇಳಿ, ಪಲ್ಟನ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವನ ಪಕ್ಕ ಕೂತು ಚಹಾ ಕುಡಿಯಿರಿ, ಬುದ್ಧಿ ಹೇಳಬೇಡಿ.

ಇಷ್ಟೆಲ್ಲ ಅಂದೆ ಅಂತ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುವ ದೋಸ್ತಿ ಬೇಡ. ಸಾಲ ಕೇಳಬೇಡಿ, ಕೊಡಲೂ ಬೇಡಿ. ಬಡಾ ಖಾನಾದಲ್ಲಿ (ಎಲ್ಲರೂ ಸೇರುವ ಔತಣ) ಜೊತೆಗೆ ಕುಣಿಯಿರಿ, ಆದರೆ ಬೇಗ ಎದ್ದು ಬನ್ನಿ. ನೀವು ಇದ್ದಷ್ಟು ಹೊತ್ತು ಅವರು ಬಿಗಿಯಾಗಿ ಕೂತಿರುತ್ತಾರೆ.

ಭಯದ ಬಗ್ಗೆ

ಪರಮವೀರ ಚಕ್ರದ ಅರುಣ್ ಖೇತ್ರಪಾಲ್ 1971ರ ಜೂನ್‌ನಲ್ಲಿ ಕಮಿಷನ್ ಆದವರು (ಅಧಿಕಾರಿಯಾಗಿ ಸೇರಿದವರು). ಡಿಸೆಂಬರ್ 16ರಂದು ಪಾಕಿಸ್ತಾನದ ಜೊತೆಗಿನ ಬಸಂತರ್ ಕದನದಲ್ಲಿ, ಬೆಂಕಿ ಹತ್ತಿದ ಟ್ಯಾಂಕ್ ಬಿಡದೆ ಹೋರಾಡಿ ಮಡಿದಾಗ ವಯಸ್ಸು 21. ಹೊಸ ಅಧಿಕಾರಿಗಳು ಅವರ ಫೋಟೋ ನೋಡಿ 'ನನ್ನ ಕೈಲಿ ಇದು ಆಗುತ್ತಾ' ಅಂತ ಒಳಗೇ ಕುಗ್ಗುತ್ತಾರೆ. ನಾನೂ ಕುಗ್ಗಿದ್ದೆ. ಆ ಪ್ರಶ್ನೆಗೆ ಮೊದಲೇ ಉತ್ತರ ಸಿಗಲ್ಲ, ಕೇಳಿಕೊಳ್ಳಬೇಡಿ. ನಮ್ಮ ಕೊಡಗಿನ ತಿಮ್ಮಯ್ಯನವರು 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕ್ ನುಗ್ಗಿಸಿದಾಗ, ಡಿವಿಷನ್ ಕಮಾಂಡರ್ ಆಗಿದ್ದೂ ಮುಂದಿನ ಟ್ಯಾಂಕ್‌ನಲ್ಲೇ ಕೂತಿದ್ದರು. ನಾನು ಅದರಿಂದ ತೆಗೆದುಕೊಂಡದ್ದು ಒಂದೇ ಒಂದು ವಿಷಯ: ಎಲ್ಲಿ ಕಷ್ಟವೋ ಅಲ್ಲಿಗೆ ಸಮೀಪ ನಿಂತಿರು.

ಹೊಸ ಅಧಿಕಾರಿಗೆ ಇದರ ಅರ್ಥ ಏನು ಅಂದರೆ, ರಾತ್ರಿ 2 ಗಂಟೆಗೆ ಎದ್ದು ಎಲ್ಲ ಪೋಸ್ಟ್ ಸುತ್ತಿ ಬರುವುದು. ಹೊರಡುವ ಹಿಂದಿನ ರಾತ್ರಿ ಹೊಟ್ಟೆ ಕಿವುಚಿದರೆ ಕೈಗೆ ಕೆಲಸ ಕೊಡಿ. ರೇಡಿಯೋ ಬ್ಯಾಟರಿ, ನೀರಿನ ಬಾಟಲಿ, ಫಸ್ಟ್ ಫೀಲ್ಡ್ ಡ್ರೆಸ್ಸಿಂಗ್ (ಗಾಯಕ್ಕೆ ಕಟ್ಟುವ ಪಟ್ಟಿ), ಒಬ್ಬೊಬ್ಬರದೇ ಮುಟ್ಟಿ ನೋಡಿ. ಯಾರಾದರೂ 'ಡರ್ ಲಗ್ ರಹಾ ಹೈ ಸಾಬ್' (ಭಯ ಆಗ್ತಿದೆ) ಅಂದರೆ ನಗಬೇಡಿ. ನನಗೂ ಅಂತ ಹೇಳಿ, ಆಮೇಲೆ ಅವನ ಮೊದಲ ಕೆಲಸ ಏನು ಅಂತ ಅವನ ಬಾಯಿಂದಲೇ ಹೇಳಿಸಿ.

ಪ್ಲಟೂನ್ ಬಿಟ್ಟುಕೊಡುವಾಗ

ಒಂದು ದಿನ ಕೋರ್ಸ್‌ಗೋ, ಬೇರೆ ಕೆಲಸಕ್ಕೋ ಕರೆ ಬರುತ್ತದೆ. ಬೆಳಗಾವಿಯ ಕಮಾಂಡೋ ಕೋರ್ಸ್ ಆದರೆ ಮನೆ ಹತ್ತಿರ ಅಂತ ಖುಷಿಪಡಬೇಡಿ, ಮನೆ ನೆನಪಾಗಲೂ ಪುರುಸೊತ್ತು ಕೊಡಲ್ಲ. ನಿಮ್ಮ ಜಾಗಕ್ಕೆ ಇನ್ನೊಬ್ಬ ಹೊಸ ಲೆಫ್ಟಿನೆಂಟ್ ಬರುತ್ತಾನೆ, ನಿಮ್ಮ ಹಾಗೇ ಬೆವರುತ್ತಾ. ಅವನನ್ನು ಸುಬೇದಾರ್ ಸಾಬ್ ಹತ್ತಿರ ನೀವೇ ಕರೆದುಕೊಂಡು ಹೋಗಿ ಬಿಡಿ. ಆಯುಧ ಎಣಿಸಿ ಕೊಡಿ. ರಜೆಯ ಪಟ್ಟಿ ಕೊಡಿ, ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಅಂತ ಹೇಳಿ, ಇಲ್ಲದಿದ್ದರೆ ಆ ಸಾಲ ಅವನ ತಲೆಗೆ ಬರುತ್ತದೆ.

ನೋಟ್‌ಬುಕ್ ಮಾತ್ರ ಇಡಿಯಾಗಿ ಕೊಡಬೇಡಿ. ಊರು, ಕೋರ್ಸು, ಆಯುಧ ಇರುವುದನ್ನು ಬೇರೆ ಕಾಗದಕ್ಕೆ ಬರೆದು ಕೊಡಿ. ಬ್ಯಾರಕ್‌ನ ಕತ್ತಲಲ್ಲಿ ಕೇಳಿದ್ದು, ಸೆಂಟ್ರಿ ಪೋಸ್ಟ್‌ನಲ್ಲಿ ಯಾರೋ ಅಳುತ್ತಾ ಹೇಳಿದ್ದು, ಅದು ನಿಮಗೆ ಹೇಳಿದ್ದು, ನಿಮ್ಮ ಕುರ್ಚಿಗಲ್ಲ. ಆ ಪುಟಗಳನ್ನು ನಾನು ಬುಖಾರಿಗೆ ಹಾಕಿದೆ. ಸುಬೇದಾರ್ ಸಾಬ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಕೇಳಲಿಲ್ಲ. ಹೊರಡುವಾಗ ಕೈ ಕುಲುಕಿ ನನ್ನ ಜೇಬಿಗೆ ಏನೋ ಹಾಕಿದರು. ರೈಲು ಹತ್ತಿದ ಮೇಲೆ ತೆಗೆದು ನೋಡಿದೆ, ಕಲ್ಲು. ಎಣಿಸಿದೆ, 10 ಇತ್ತು.